ಫಿಲ್ಟರ್ ಚೀಲದ ಕೌದಿ

"ಏ ಬೋಸುಡಿ, ಮೆತ್ತಗ ಬಡಿ. ಚೀಲ ಹರದ್ರ ನಿಮ್ಮಪ್ಪ ತಂದುಕೊಡ್ತಾನೇನು?"

ಸೂಪರ್‌ವೈಸರ್ ಭೀಮರಾಜ ಬೈದದ್ದು ಅಂಬಮ್ಮನಿಗೆ. ಅವಳ ಕಿರಿಮಗನಿಗಿಂತ ಎರಡು ವರ್ಷ ಚಿಕ್ಕವನು ಅವನು. ಬಳ್ಳಾರಿಯ ಜೀನ್ಸ್ ಕಾರ್ಖಾನೆಯ ಹಿತ್ತಲಲ್ಲಿ ಹಗ್ಗಕ್ಕೆ ನೇತುಹಾಕಿದ ಫಿಲ್ಟರ್ ಚೀಲಗಳನ್ನು ಅವಳು ಕೋಲಿನಿಂದ ಬಡಿಯುತ್ತಿದ್ದಳು. ಒಳಗೆ ಯಂತ್ರವೊಂದು ಪ್ಯಾಂಟುಗಳಿಗೆ ಬಿಳಿ ಪುಡಿ ಎರಚುತ್ತಿತ್ತು. ಅದು ಹತ್ತಿದರೆ ವಾರಗಟ್ಟಲೆ ತೊಟ್ಟರೂ ಪ್ಯಾಂಟು ಬೆವರು ನಾರುವುದಿಲ್ಲವಂತೆ. ಬಟ್ಟೆಗೆ ಹತ್ತದೆ ಹಾರಿದ್ದೆಲ್ಲ ಚೀಲ ಸೇರುತ್ತಿತ್ತು. ಚೀಲದಲ್ಲಿದ್ದದ್ದು ಅಂಬಮ್ಮನ ಮೂಗು ಸೇರುತ್ತಿತ್ತು.

ಪ್ರಾಯದಲ್ಲಿ ಗಣಿಯ ಅದಿರು ಹೊತ್ತವಳು ಅವಳು. ಆ ಧೂಳು ಉಗುಳಿದರೆ ಕೆಂಪಗೆ ಕಾಣುತ್ತಿತ್ತು, ಒಳಗೆ ಹೋಗಿದೆ ಎಂದಾದರೂ ಗೊತ್ತಾಗುತ್ತಿತ್ತು. ಇದು ಉಗುಳಿನಲ್ಲೂ ಸಿಗದು. ಮೂಗಿಗೆ ಕಟ್ಟಿಕೊಳ್ಳಲು ಏನಾದರೂ ಕೊಡಿಸಿ ಎಂದು ಮ್ಯಾನೇಜರ್ ಜಯತೀರ್ಥರನ್ನು ಒಮ್ಮೆ ಕೇಳಿದ್ದಳು. ಇದು ನ್ಯಾನೋ, ಕೂದಲೆಳೆಯನ್ನು ಸಾವಿರ ಸಲ ಸೀಳಿದಷ್ಟು ಸಣ್ಣದು, ನಿನ್ನಂಥ ಗಟ್ಟಿ ಹೆಂಗಸಿಗೆ ಏನು ಮಾಡೀತು, ಬೇಕಾದರೆ ಬೆಲ್ಲ ತಿನ್ನು ಎಂದು ಅವರು ನಕ್ಕಿದ್ದರು.

ಸವೆದ ಚೀಲಗಳನ್ನು ಮನೆಗೆ ಒಯ್ಯಿರಿ ಎಂದವರೂ ಅವರೇ. ಕಂಬಳಿಯಂಥ ದಪ್ಪ, ಮೆತ್ತನೆ ಬಟ್ಟೆ. ಬಿಸಾಡಲು ಮನಸ್ಸಾದರೂ ಹೇಗೆ ಬಂದೀತು? ಮಗಳು ರಾಧಾ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಅಂಬಮ್ಮ ಆರು ಚೀಲ ಬಿಚ್ಚಿ, ಎರಡು ಸಲ ಒಗೆದು, ಮೇಲೊಂದು ಕೆಳಗೊಂದು ಹಳೇ ಸೀರೆ ಇಟ್ಟು ಕೌದಿ ಹೊಲಿದಳು. ಅಷ್ಟು ಮೆತ್ತನೆ ಕೌದಿಯ ಮೇಲೆ ಆ ಕೇರಿಯ ಬೇರೆ ಯಾವ ಕೂಸೂ ಮಲಗಿರಲಿಲ್ಲ.

ಎರಡು ತಿಂಗಳು ತುಂಬುವಷ್ಟರಲ್ಲಿ ಕೂಸಿನ ಉಸಿರಿನಲ್ಲಿ ಸೀಟಿ ಶುರುವಾಯಿತು. ಹಾಲು ಕುಡಿಯುತ್ತಲೇ ನೀಲಿಗಟ್ಟುತ್ತಿತ್ತು. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮನೆಯಲ್ಲಿ ಹೊಗೆಯೇ, ಧೂಳೇ ಎಂದು ವಿಚಾರಿಸಿದಳು. ತನ್ನ ಸೀರೆಗೆ ಹತ್ತಿ ಬರುವ ಪುಡಿಯ ಮಾತನ್ನು ಅಂಬಮ್ಮ ಹೇಳಿದಳು. ಅದರಿಂದಲೇ ಆಯಿತೆಂದು ಹೇಳಲಾರೆ, ಆಗಿಲ್ಲವೆಂದೂ ಹೇಳಲಾರೆ, ಏನೆಂದು ಗೊತ್ತಾಗದೆ ಯಾವ ಔಷಧ ಕೊಡಲಿ, ಹೆಸರು ಬರೆಸಿಕೊಂಡು ಬಾ ಎಂದಳು ಡಾಕ್ಟರಮ್ಮ.

ಹೆಸರು ಕೇಳಿದ್ದಕ್ಕೆ ಜಯತೀರ್ಥರು ಕನ್ನಡಕ ತೆಗೆದು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀ ಏನು? ಹೋಗು, ಕೆಲಸ ನೋಡು."

ಅದು ಕಂಪನಿಯ ಗುಟ್ಟು, ಇನ್ನೊಮ್ಮೆ ಕೇಳಿದರೆ ನಾಳೆಯಿಂದ ಬರುವುದೇ ಬೇಡ ಎಂದೂ ಸೇರಿಸಿದರು. ಅಂಬಮ್ಮ ಪುಡಿ ತುಂಬಿ ಬಂದಿದ್ದ ಖಾಲಿ ಡ್ರಮ್ಮುಗಳನ್ನು ತಿರುವಿ ತಿರುವಿ ನೋಡಿದಳು. ಅವುಗಳ ಚೀಟಿಯನ್ನು ಭೀಮರಾಜ ಮೊದಲೇ ಕೆರೆದು ತೆಗೆದಿದ್ದ.

ಮುಂದಿನ ಸೋಮವಾರ ವಿದೇಶದ ಗಿರಾಕಿಗಳು ನೇಮಿಸಿದ ಇಲ್ಲಿಯವರೇ ಆದ ತಪಾಸಣೆಯವರು ಬರುವವರಿದ್ದರು. ಹಳೇ ಚೀಲಗಳೆಲ್ಲ ಅವುಗಳ ಮೇಲೆ ಒತ್ತಿದ ನಂಬರಿನ ಪ್ರಕಾರ ಗೋದಾಮಿನಲ್ಲಿ ಇರಬೇಕಂತೆ. ಕೂಸಿನ ಉಸಿರು ಮತ್ತೆ ಕೆಟ್ಟು ಅಂಬಮ್ಮ ಅಂದು ಮನೆಯಲ್ಲೇ ಉಳಿದಿದ್ದಳು. ಭೀಮರಾಜ ಬಾಗಿಲಿಗೇ ಬಂದ. ಮೊಣಕೈವರೆಗೆ ರಬ್ಬರ್ ಗ್ಲೌಸು, ಮುಖಕ್ಕೆ ದಪ್ಪ ಮಾಸ್ಕು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಕಂಪ್ನಿ ಮಾಲು ಕದ್ದು ಕೌದಿ ಹೊಲದಿಯಂತ. ತಗೀ ಕಳ್ಳಿ."

ಸಾಹೇಬರೇ ಒಯ್ಯಲು ಹೇಳಿದ್ದು ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಸು ಮಲಗಿದ್ದ ಕೌದಿಯ ತುದಿಯನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದ. ರಾಧಾ ಕೂಸನ್ನು ಬಾಚಿ ಎತ್ತಿಕೊಂಡಳು.

"ಕೈಗೆ ಇವನ್ಯಾಕ ಹಾಕ್ಕೊಂಡಿ?" ಅಂಬಮ್ಮ ಕೇಳಿದಳು.

"ಬರಿಗೈಲೆ ಮುಟ್ಟಬ್ಯಾಡ ಅಂದಾರ ಸಾಹೇಬ್ರು."

"ಎರಡು ಸಲ ಒಗದೀನಿ ನಾನು."

"ಒಗದ್ರ ಹೋಗಂಗಿಲ್ಲಂತ ಅದು."

ಮೂರು ವರ್ಷ ಬೈಗುಳ ನುಂಗಿದವಳಿಗೆ ಈ ಒಂದು ಮಾತು ಗಂಟಲಲ್ಲಿ ಇಳಿಯಲಿಲ್ಲ. ಕೈಯಾರೆ ಹೊಲಿದು ಕೈಯಾರೆ ಹಾಸಿದ್ದಳು. ಕೌದಿಯನ್ನು ಕಸಿದು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕಾರ್ಖಾನೆಯ ಕಡೆ ನಡೆದಳು. ಭೀಮರಾಜ ದಾರಿಯುದ್ದಕ್ಕೂ ಬೈಯುತ್ತ ಬಂದ, ಗೇಟು ಹತ್ತಿರವಾದಂತೆ ಬೇಡಿಕೊಳ್ಳತೊಡಗಿದ.

ಏಸಿ ಕೋಣೆಯಲ್ಲಿ ಜಯತೀರ್ಥರೂ ತಪಾಸಣೆಗೆ ಬಂದ ಇಬ್ಬರೂ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಅಂಬಮ್ಮ ಬಾಗಿಲು ಹಾಕಿ ತಟ್ಟೆಗಳ ಪಕ್ಕ ಕೌದಿ ಇಟ್ಟಳು. ಮೂಲೆಯ ಹೊಲಿಗೆಯನ್ನು ಕಿತ್ತು ಒಳಗಿನ ಚೀಲದ ನಂಬರು ತೋರಿಸಿದಳು. ಜಯತೀರ್ಥರ ಕರವಸ್ತ್ರ ಮೂಗಿಗೆ ಹೋಯಿತು. ಅದನ್ನು ಕಂಡು ಉಳಿದಿಬ್ಬರೂ ಕುರ್ಚಿ ಬಿಟ್ಟು ಎದ್ದರು.

"ಇದು ನಮ್ಮ ಕೂಸಿನ ಹಾಸಿಗಿ ರೀ," ಎಂದು ಅವರಿಗೆ ಹೇಳಿ ಜಯತೀರ್ಥರ ಕಡೆ ತಿರುಗಿದಳು. "ಸಾಹೇಬ್ರ, ಡಾಕ್ಟರಮ್ಮಗ ಪುಡಿ ಹೆಸರು ಬೇಕಾಗೈತಿ. ಬರೀರಿ."

ಕೂಸಿನ ಖರ್ಚೆಲ್ಲ ನಾವು ನೋಡಿಕೊಳ್ಳೋಣ, ಹೊರಗೆ ಮಾತಾಡೋಣ ಎಂದರು ಜಯತೀರ್ಥರು. ಅಂಬಮ್ಮ ಕೌದಿಯ ಎರಡು ಮೂಲೆ ಹಿಡಿದು ಮೇಲಕ್ಕೆತ್ತಿದಳು.

"ನಾನು ಮೂರು ವರ್ಷ ಕುಡದೀನಿ. ಕೂಸು ಎರಡು ತಿಂಗಳು ಕುಡದೈತಿ. ಬರೀರಿ, ಇಲ್ಲಾಂದ್ರ ಇಲ್ಲೇ ಝಾಡಸ್ತೀನಿ."

ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡೇ ಅವರು ಏನೋ ಗೀಚಿ ಚೀಟಿಯನ್ನು ಮೇಜಿನ ಮೇಲೆ ದೂಡಿದರು. ಅಂಬಮ್ಮನಿಗೆ ಅಕ್ಷರ ಬಾರದು. ತಪಾಸಣೆಯವರಲ್ಲಿ ಒಬ್ಬನನ್ನು ಕೇಳಿದಳು.

"ಇದು ಖರೇ ಹೆಸರೇನ್ರಿ?"

ಅವನು ಚೀಟಿ ನೋಡಲಿಲ್ಲ. ಜಯತೀರ್ಥರ ಮುಖ ನೋಡಿದ.

ಅಂಬಮ್ಮ ಕೌದಿ ಝಾಡಿಸಿದಳು.