ಮಣ್ಣಿಗೆ ಕಬ್ಬಿಣ ತಾಗಿಸದ ದಿನ

ಸುಮಿತ್ರಾಬಾಯಿಯ ಹಟ ಅತನೂರಿಗೆಲ್ಲ ಗೊತ್ತು. ಎಳ್ಳಮಾಸಿಯ ಹಿಂದಿನ ಸಂಜೆ ಪಕ್ಕದ ಹೊಲದ ದೌಲತರಾಯ ತಾನಾಗಿಯೇ ಬಾಗಿಲಿಗೆ ಬಂದು ಕರೆದಿದ್ದ. "ಅಕ್ಕಾರ, ಶರಣಕುಮಾರ ಡ್ಯೂಟಿ ಮ್ಯಾಲ ಹೋಗ್ಯಾನ, ಸೊಸಿ ನೋಡಿದ್ರ ಬಸರಿ. ಒಬ್ಬರೇ ಯಾಕ್ ತ್ರಾಸ್ ಮಾಡ್ಕೋತೀರಿ? ನಮ್ ಗಾಡ್ಯಾಗ ಬರ್ರಿ, ಎರಡೂ ಹೊಲದ ಚರಗ ಕೂಡೇ ಚೆಲ್ಲೂಣು." ಬೇರೆ ಯಾರಾದರೂ ಆಗಿದ್ದರೆ ಪುಣ್ಯಾತ್ಮ ಕರೆದನಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ಈಕೆ, "ನಮ್ ಹೊಲದ ಚರಗ ನಮ್ ಕೈಲೇ ಆಗಬೇಕ್ರಿ, ದೌಲತರಾಯರ" ಎಂದು ಚಹಾ ಕುಡಿಸಿ ಕಳಿಸಿದಳು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಭೂಮಿತಾಯಿ ತುಂಬು ಬಸುರಿಯಾಗಿರುವ ದಿನ. ಜೋಳ ತೆನೆ ಕಟ್ಟುತ್ತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಬಸುರಿಯ ಬಯಕೆ ತೀರಿಸಲು ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಲ್ಲ ಹೊತ್ತು, ಹೊಲದ ನಾಲ್ಕೂ ದಿಕ್ಕಿಗೆ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಅದನ್ನೇ ಕಲಸಿದ ಚರಗ ಚೆಲ್ಲುತ್ತಾರೆ. ಆ ದಿನ ಮಣ್ಣಿಗೆ ಕಬ್ಬಿಣ ತಾಗಿಸಬಾರದು. ಬೆಳೆಗೆ ಕುಡಗೋಲು ತಾಗಿದರೆ ನಡೆಯುತ್ತದೆ, ಮಣ್ಣಿಗೆ ತಾಗಬಾರದು. ಇದು ಸುಮಿತ್ರಾಬಾಯಿಯ ಅತ್ತೆ ಹೇಳಿಕೊಟ್ಟ ಮಾತು. ಅತ್ತೆ ಹೋಗಿ ಇಪ್ಪತ್ತು ವರ್ಷವಾದರೂ ಆ ಮಾತು ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿತ್ತು.

ಹೋದ ವರ್ಷ ಒಮ್ಮೆ ಮುರಿಯಿತು. ಹೊಲದಲ್ಲಿ ಹೊಸದಾಗಿ ಕೃಷಿ ಹೊಂಡ ತೋಡಿಸಿ, ತಳದಿಂದ ದಂಡೆಯವರೆಗೆ ಕರಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹಾಸಿದ್ದರು. ರಜೆಯ ಮೇಲೆ ಬಂದಿದ್ದ ಮಗ ಶರಣಕುಮಾರ ಎಳ್ಳಮಾಸಿಯ ದಿನವೇ ಹಾರೆ ಹಿಡಿದು ಹೊಂಡದ ಸುತ್ತಲಿನ ಬೇಲಿಯ ಕಂಬಕ್ಕೆ ಗುಂಡಿ ತೆಗೆದ. ಬೇಡವೆಂದರೂ ಕೇಳಲಿಲ್ಲ. ಹನ್ನೆರಡನೆಯ ದಿನ ಸೊಸೆ ಭಾಗ್ಯಾಳ ಮೂರು ತಿಂಗಳ ಬಸಿರು ಇಳಿದುಹೋಯಿತು. ಡಾಕ್ಟರಮ್ಮ, ಇದು ಹತ್ತರಲ್ಲಿ ಇಬ್ಬರಿಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದಳು. ಸುಮಿತ್ರಾಬಾಯಿ ತಲೆಯಾಡಿಸಿದಳು, ನಂಬಲಿಲ್ಲ. ನಂಬಲಿಲ್ಲವೆಂದು ಬಾಯಿಬಿಟ್ಟು ಹೇಳಲೂ ಇಲ್ಲ.

ಈಗ ಭಾಗ್ಯಾಳಿಗೆ ಏಳು ತಿಂಗಳು. ಅಮಾಸೆಯ ದಿನ ಹೊಸ್ತಿಲು ದಾಟಬೇಡ ಎಂದು ತಾಕೀತು ಮಾಡಿ, ಸುಮಿತ್ರಾಬಾಯಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಎಂಟು ಗಂಟೆಗೇ ಒಬ್ಬಳೇ ಹೊರಟಳು. ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಐದು ಜೋಳದ ದಂಟು ಕೊಯ್ದು, ಬದುವಿನ ಮೇಲೆ ಪಾಂಡವರೆಂದು ಐದು ಕಲ್ಲನ್ನಿಟ್ಟು, ಅವಕ್ಕೆ ದಂಟಿನ ಪುಟ್ಟ ಗುಡಿಸಲು ಕಟ್ಟಿ ಪೂಜೆ ಮಾಡಿದಳು. ಚರಗಕ್ಕೆ ಭಜ್ಜಿ, ರೊಟ್ಟಿ ಕಲಸಿ ಎದ್ದಾಗ ನೋಡುತ್ತಾಳೆ, ತಂದ ನೀರೆಲ್ಲ ಪೂಜೆಗೆ ಮುಗಿದಿದೆ. ಚರಗದ ಹಿಂದೆ ನೀರು ಚಿಮುಕಿಸಬೇಕು. ಉಂಡವಳಿಗೆ ನೀರು ಕೊಡದಿದ್ದರೆ ಅದೆಂಥ ಊಟ?

ಹೊಂಡದಿಂದ ನೀರು ಸೇದುವ ಕೊಡ ಹಗ್ಗ ಬೇವಿನ ಗಿಡದ ಹತ್ತಿರ ಇದ್ದವು, ನೂರು ಹೆಜ್ಜೆ. ಒಂದು ತಂಬಿಗೆ ನೀರಿಗೆ ಅಷ್ಟು ದೂರ ಯಾಕೆ ಎಂದುಕೊಂಡಳು. ಚಪ್ಪಲಿ ಪಾಂಡವರ ಹತ್ತಿರ ಬಿಟ್ಟಿದ್ದಳು, ಫೋನು ಬುಟ್ಟಿಯಲ್ಲಿತ್ತು. ಬೇಲಿಯ ತಂತಿ ಸರಿಸಿ, ಬರಿಗಾಲಲ್ಲಿ ತಾಡಪತ್ರಿಯ ಮೇಲೆ ಒಂದು ಕಾಲಿಟ್ಟಳು. ಎರಡನೆಯದನ್ನು ಇಡುವ ಅಗತ್ಯವೇ ಬರಲಿಲ್ಲ. ಇಬ್ಬನಿ, ಪಾಚಿ, ಇಳಿಜಾರು ಮೂರೂ ಸೇರಿ ಅವಳನ್ನು ತಂಬಿಗೆ ಸಮೇತ ಸರ್ರನೆ ನೀರಿಗಿಳಿಸಿದವು.

ಮುಳುಗಿ ಎದ್ದಳು. ನೀರು ಸೊಂಟದವರೆಗೆ. ಮೊದಲು ನಗು ಬಂತು, ಈ ವಯಸ್ಸಿನಲ್ಲಿ ಜಾರುಬಂಡಿ ಆಡಿದೆನಲ್ಲ ಎಂದು. ಹತ್ತಲು ಹೋದಳು, ಜಾರಿದಳು. ಮೂಲೆಯಲ್ಲಿ ಪ್ರಯತ್ನಿಸಿದಳು, ಅಂಗಾತ ಬಿದ್ದಳು. ಮೊಣಕಾಲೂರಿ, ಹೊಟ್ಟೆಯ ಮೇಲೆ ಹರಿದು, ಉಗುರು ಊರಿ ಎಲ್ಲ ನೋಡಿದಳು. ದಂಡೆ ಕೇವಲ ಒಂದು ಆಳಿನಷ್ಟು ಮೇಲಿತ್ತು. ಅರ್ಧ ತಾಸಿನಲ್ಲಿ ಮೊಣಕೈ ಕಿತ್ತು, ಉಸಿರು ಕಟ್ಟಿತು. ನಗು ಎತ್ತಲೋ ಹೋಯಿತು.

ಕುಡಗೋಲು ಸೊಂಟದಲ್ಲೇ ಇತ್ತು. ತಾಡಪತ್ರಿ ಸೀಳಿ, ಹಿಂದಿನ ಕರಿಮಣ್ಣಿನಲ್ಲಿ ನಾಲ್ಕು ಮೆಟ್ಟಿಲು ತೋಡಿದರೆ ಸಾಕು, ಮೇಲೆ ಹೋಗಬಹುದು. ಅದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಎಲ್ಲಕ್ಕಿಂತ ಮೊದಲು ಹೊಳೆದದ್ದೇ ಅದು. ಕೈ ಹಿಡಿಕೆಗೆ ಹೋಯಿತು, ಹಾಗೇ ನಿಂತಿತು. ಇವತ್ತು ಕಬ್ಬಿಣ ಊರಿದರೆ ಅದು ಎಲ್ಲಿಗೆ ತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತ ಭಾಗ್ಯಾಳ ಹೊಟ್ಟೆ ಕಣ್ಣ ಮುಂದೆ ಬಂತು. ಕೈ ತೆಗೆದಳು. ಊರೆಲ್ಲ ಹೊಲದಲ್ಲೇ ಇದೆ, ಕೂಗಿದರೆ ಹತ್ತು ಮಂದಿ ಓಡಿಬರುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು.

ಕೂಗಿದಳು. "ಯಾರರೆ ಬರ್ರ್ಯೋ, ಹೊಂಡದಾಗ ಬಿದ್ದೀನಿ, ಬರ್ರ್ಯೋ" ಎಂದು ಗಂಟಲು ಹರಿಯುವಂತೆ ಕೂಗಿದಳು. ಆದರೆ ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಕೂಗಿಗೆ ಬೆಲೆಯಿಲ್ಲದ ದಿನ ಅದೊಂದೇ. ನಾಲ್ಕೂ ಕಡೆಯಿಂದ "ಹುಲ್ಲುಲ್ಲಿಗ್ಯೋ, ಹುಲ್ಲುಲ್ಲಿಗ್ಯೋ" ಎಂದು ಗಂಡಸರು ಪೈಪೋಟಿಗೆ ಬಿದ್ದು ಕೂಗುತ್ತಿದ್ದರು. ತಗ್ಗಿನಿಂದ ಎದ್ದ ಇವಳ ದನಿ ಅದರಲ್ಲಿ ಸೇರಿ ಹೋಯಿತು. ಅಕ್ಕ ಒಬ್ಬಳೇ ಎಷ್ಟು ಜೋರಾಗಿ ಚರಗ ಚೆಲ್ಲುತ್ತಿದ್ದಾಳೆ ಎಂದುಕೊಂಡನೋ ಏನೋ, ದೌಲತರಾಯ ಆ ಬದುವಿನಿಂದ ಮರುಕೂಗು ಹಾಕಿದ. ಅವಳು ಮತ್ತೆ ಕೂಗಿದಳು, ಅವನು ಮತ್ತೆ ಹುರುಪಿನಿಂದ ಉತ್ತರ ಕೊಟ್ಟ. "ನಿನ್ನ ಬಾಯಿಗಿಷ್ಟು ಮಣ್ಣ ಹಾಕ" ಎಂದು ಸುಮಿತ್ರಾಬಾಯಿ ಅಳುವ ದನಿಯಲ್ಲಿ ಬೈದಳು.

ಹನ್ನೊಂದರ ಹೊತ್ತಿಗೆ ಇನ್ನೊಂದು ಉಪಾಯ ಮಾಡಿದಳು. ಉಟ್ಟ ಹಸಿರು ಸೀರೆ ಬಿಚ್ಚಿ, ಅದರ ತುದಿಗೆ ತಂಬಿಗೆ ಕಟ್ಟಿ, ಬೇಲಿಯ ಕಂಬಕ್ಕೆ ಗುರಿಯಿಟ್ಟು ಎಸೆದಳು. ಕುಡಗೋಲನ್ನು ಲಂಗದ ಲಾಡಿಗೆ ಸಿಕ್ಕಿಸಿಕೊಂಡಿದ್ದಳು. ಎಷ್ಟೋ ಸಲ ತಪ್ಪಿ, ಕಡೆಗೊಮ್ಮೆ ತಂಬಿಗೆ ಮುಳ್ಳುತಂತಿಗೆ ಸುತ್ತಿಕೊಂಡಿತು. ಜಗ್ಗಿ ನೋಡಿದಳು, ಗಟ್ಟಿ ಇತ್ತು. ಸೀರೆ ಹಿಡಿದು ಎರಡು ಹೆಜ್ಜೆ ಏರಿದಳು, ಮೂರನೆಯದು ಇಟ್ಟಳು. ಒದ್ದೆ ಸೀರೆ ಕೈಯಲ್ಲಿ ಜಾರಿ ಹಿಂದಕ್ಕೆ ಬಿದ್ದಳು. ನೀರಿನಿಂದ ತಲೆ ಎತ್ತುವಷ್ಟರಲ್ಲಿ ಕೈಬಿಟ್ಟ ಸೀರೆಯನ್ನು ಗಾಳಿ ಬೇಲಿಯ ಆಚೆಗೆ ಎಳೆದುಕೊಂಡಿತ್ತು. ಈಗ ಮೈಮೇಲೆ ಲಂಗ, ಕುಪ್ಪಸ ಅಷ್ಟೇ.

ಸರಿಯಾಗಿ ಆಗಲೇ ದಂಡೆಯ ಹಿಂದಿನ ದಾರಿಯಲ್ಲಿ ಗಂಡಸರ ಮಾತು ಕೇಳಿತು. ಊರಿನ ಕಲ್ಲಿನಾಥನ ದನಿ, ಅವನ ಅಳಿಯನ ನಗು. ಇಪ್ಪತ್ತು ಹೆಜ್ಜೆಯಷ್ಟೇ ದೂರ. ಸುಮಿತ್ರಾಬಾಯಿ ಬಾಯಿ ತೆರೆದವಳು ಹಾಗೇ ಮುಚ್ಚಿ, ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತುಬಿಟ್ಟಳು. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ತಲೆಯ ಮೇಲಿನ ಸೆರಗು ಜಾರಗೊಡದೆ ಬಾಳಿದವಳು. ಊರ ಅಳಿಯನ ಮುಂದೆ ಲಂಗದಲ್ಲಿ ಹೇಗೆ ನಿಲ್ಲುವುದು? ಒಂದೇ ಒಂದು ಗಳಿಗೆ ಹಾಗೆ ಯೋಚಿಸಿದಳು. ಹಾಳಾಗಲಿ ಮಾನ ಎಂದು ಎದ್ದು ಕೂಗಿದಾಗ ಮೋಟರ್ ಸೈಕಲ್ ಚಾಲೂ ಆಗಿತ್ತು. ಅದರ ಸದ್ದು ದೂರವಾಗುವುದನ್ನು ಕೇಳುತ್ತ ಕೆನ್ನೆ ಕೆನ್ನೆ ಬಡಿದುಕೊಂಡಳು.

ಮಧ್ಯಾಹ್ನ ದಾಟಿತು. ಹೊಲಗಳಲ್ಲಿ ಊಟ ನಡೆದಿರಬೇಕು, ಕೂಗು ನಿಂತಿತು. ಈಗ ಕೂಗಿದರೆ ಕೇಳುತ್ತಿತ್ತು, ಇವಳ ದನಿ ಸತ್ತಿತ್ತು. ಬಾಯಿಂದ ಬರೀ ಗಾಳಿ ಬರುತ್ತಿತ್ತು. ಬುಟ್ಟಿಯ ಕಡೆ ಕಾಗೆಗಳು ಜಗಳಾಡುತ್ತಿದ್ದವು. ಫೋನು ಒಮ್ಮೆ ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ನೀರಿನಲ್ಲಿ ಕೂರುವಂತಿಲ್ಲ, ಒರಗಿದರೆ ಜಾರುತ್ತದೆ. ಕಾಲು ಮರಗಟ್ಟಿ ತನ್ನವಲ್ಲವೆನಿಸತೊಡಗಿದವು. ಹೊಂಡದ ನೆರಳು ಪೂರ್ವದ ದಂಡೆ ಏರಿದಂತೆ ಚಳಿ ಹಲ್ಲಿಗೆ ಬಂತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಸೊಂಟದಲ್ಲಿ ಕುಡಗೋಲಿಟ್ಟುಕೊಂಡು ಸಾಯುತ್ತಿದ್ದೇನಲ್ಲ ಎಂದು ಅವಳಿಗೇ ಅನಿಸಿತು. ಸಾಯಲು ಅವಳಿಗೆ ಭಯವಿತ್ತು, ಬಹಳ ಭಯವಿತ್ತು. ಎರಡು ಸಲ ಹಿಡಿಕೆ ಹಿಡಿದಳು. ಎರಡು ಸಲವೂ ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಸೊಸೆಯ ಬೆನ್ನು ನೆನಪಾಯಿತು. ನಾನು ಐವತ್ತಾರು ವರ್ಷ ಉಂಡಿದ್ದೇನೆ, ಆ ಕೂಸು ಇನ್ನೂ ಬೆಳಕು ಕಂಡಿಲ್ಲ ಎಂದು ಕೈ ಬಿಟ್ಟಳು.

ಹೊತ್ತು ಇಳಿಯತೊಡಗಿದಾಗ ಮೇಲೆ ಹೆಜ್ಜೆ ಸದ್ದಾಯಿತು.

"ಅತ್ತೀ, ಎಲ್ಲಿದೀರಿ?"

ಭಾಗ್ಯಾ. ಅಮಾಸೆಯ ದಿನ ಹೊಸ್ತಿಲು ದಾಟಿ, ಒಂದು ಮೈಲಿ ನಡೆದು ಬಂದಿದ್ದಳು. ಬೇಲಿಗೆ ಹಾರಾಡುತ್ತಿದ್ದ ಹಸಿರು ಸೀರೆ ಕಂಡು ಹೊಂಡದ ಹತ್ತಿರ ಬಂದು ಕೆಳಗೆ ಬಗ್ಗಿ ನೋಡಿದಳು.

"ದೂರ ನಿಂದ್ರು" ಎಂದಳು ಸುಮಿತ್ರಾಬಾಯಿ. ದನಿ ಹೊರಡಲಿಲ್ಲ. ಕೈ ಬೀಸಿ, ಗಂಟಲು ಕೆರೆದುಕೊಂಡು ಮತ್ತೆ ಹೇಳಿದಳು. "ದೂರ ನಿಂದ್ರು ಬೇ. ದೌಲತರಾಯಗ ಕರಿ."

"ಅವರ ಗಾಡಿ ಆಗಲೇ ಊರ ಮುಟ್ಟೇದರಿ. ದಾರ್ಯಾಗ ಸಿಕ್ಕಿದ್ರು, ನಿಮ್ಮತ್ತಿ ಮುಂಜಾನಿ ಭಾಳ ಜೋರ್ ಚರಗ ಚೆಲ್ಯಾರ ಅಂದ್ರು. ಫೋನ್ ಎತ್ತಲಿಲ್ಲಂತ ನಾ ಮುಂದ ಬಂದೆ."

"ಮತ್ತ ಊರಿಗಿ ಹೋಗಿ ಯಾರಿಗರೆ ಕರಕೊಂಡ್ ಬಾ. ಇಲ್ಲಾ, ಫೋನ್ ಮಾಡು."

"ನನ್ನ ಫೋನ್ ಮನ್ಯಾಗೇ ಬಿಟ್ಟೀನಿ. ನಿಮ್ದರಾಗ ಚಾರ್ಜ್ ಇಲ್ಲ, ಈಗ ನೋಡ್ದೆ. ಊರಿಗಿ ಹೋಗಿ ಬರೂತನಕಾ ನೀವು ಇರ್ತೀರೇನ್ರಿ? ನಿಮ್ ತುಟಿ ನೋಡ್ಕೋರಿ, ನೀಲಿ ಆಗ್ಯಾವ."

ಅಷ್ಟು ಹೇಳಿ ಭಾಗ್ಯಾ ಬೇಲಿಯ ಸೀರೆ ಬಿಡಿಸಿ, ಒಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ದಂಡೆಯ ಮೇಲೆ ಕುಳಿತು, ಹೊಟ್ಟೆಗೆ ಒಂದು ಕೈ ಆನಿಸಿ, ತಾಡಪತ್ರಿಯ ಮೇಲೆ ಕಾಲು ಚಾಚಿದಳು. "ಇದನ್ನ ಹಿಡೀರಿ, ನಾ ಜಗ್ತೇನಿ."

"ಬ್ಯಾಡ, ಭಾಗ್ಯಾ. ಜಾರ್ತದ. ಹಿಂದಕ ಸರಿ."

"ಒಂದ ಸ್ವಲ್ಪ ಕೆಳಗ ಬಂದ್ರ ನಿಮ್ ಕೈ ಸಿಗ್ತದ್ರಿ" ಎನ್ನುತ್ತ ಅವಳು ಕುಳಿತಲ್ಲಿಂದಲೇ ಮುಂದೆ ಜರುಗಿದಳು.

ಇಡೀ ದಿನ ಯಾವ ಹೊಟ್ಟೆಗಾಗಿ ನೀರಿನಲ್ಲಿ ನಿಂತಿದ್ದಳೋ ಆ ಹೊಟ್ಟೆ ಈಗ ಹೊಂಡದ ಬಾಯಿಗೆ ಬಂದಿತ್ತು. ಇನ್ನೊಂದು ಗೇಣು ಜರುಗಿದರೆ ತಾಯಿ, ಕೂಸು ಇಬ್ಬರೂ ಒಳಗೆ. ಸುಮಿತ್ರಾಬಾಯಿ ಮುಂದೆ ಏನನ್ನೂ ಯೋಚಿಸಲಿಲ್ಲ. ಕುಡಗೋಲು ಎಳೆದು ಎರಡೂ ಕೈಯಿಂದ ಎತ್ತಿ ಹೊಡೆದಳು. ತಾಡಪತ್ರಿ ಪರ್ರನೆ ಸೀಳಿತು. ಎರಡನೆಯ ಏಟು ಮಣ್ಣಿಗೆ ಬಿತ್ತು.

"ನೋಡು, ನಾನೇ ಬರಾಕತ್ತೇನಿ. ನೀ ಅಲ್ಲೇ ಕುಂದರು, ಅಳ್ಳಾಡಬ್ಯಾಡ" ಎಂದಳು. "ಅವ್ವಾ, ಭೂಮಿತಾಯಿ, ಹೊಡದಾಕಿ ನಾನು. ಏನಿದ್ರೂ ನನಗೇ ಹಾಕು" ಎಂದು ಏಟಿಗೊಮ್ಮೆ ಗೊಣಗುತ್ತ ತೋಡಿದಳು. ಮೊದಲ ಮೆಟ್ಟಿಲಲ್ಲಿ ಮೊಣಕಾಲು, ಎರಡನೆಯದರಲ್ಲಿ ಪಾದ. ಕರಿಮಣ್ಣು ಮುಖದ ಮೇಲೆ, ಬಾಯೊಳಗೆ ಉದುರುತ್ತಿತ್ತು. ನಾಲ್ಕನೆಯ ಮೆಟ್ಟಿಲಿಗೆ ಬೇಲಿಯ ಕಂಬ ಕೈಗೆ ಸಿಕ್ಕಿತು. ಮೇಲೆ ಬಂದವಳು ಮೊದಲು ಸೊಸೆಯ ರಟ್ಟೆ ಹಿಡಿದು ಹೊಂಡದಿಂದ ಹತ್ತು ಹೆಜ್ಜೆ ಎಳೆದುಕೊಂಡು ಹೋದಳು, ಆಮೇಲೆ ಕುಸಿದು ಕುಳಿತಳು.

ಭಾಗ್ಯಾ ಸೀರೆಯನ್ನು ಅತ್ತೆಗೆ ಹೊದಿಸಿ, ತನ್ನ ಸೆರಗಿನಿಂದ ಕೈಕಾಲು ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಕೇಳಿದಳು.

"ಕುಡಗೋಲು ಮುಂಜಾನಿಂದ ನಿಮ್ಮ ಹಂತೇಕೇ ಇತ್ತೇನ್ರಿ?"

"ಇತ್ತು."

"ಮತ್ತ ಯಾಕ್ರಿ?"

ಸುಮಿತ್ರಾಬಾಯಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಅತ್ತೆಯ ಮಾತು, ಶರಣಕುಮಾರನ ಹಾರೆ, ಹನ್ನೆರಡನೆಯ ದಿನ, ಎಲ್ಲ ಹೇಳಿಬಿಟ್ಟಳು. "ಅವ ಮಣ್ಣಿಗಿ ಕಬ್ಬಿಣ ಹಾಕ್ದ, ನಿನಗ ಹಂಗಾತು. ನಿನ್ನ ಮುಂದ ಹ್ಯಾಂಗ ಹೇಳ್ಲಿ ಅದನ್ನ? ಇವತ್ತ ನಾನೂ ಹಾಕೀನಿ" ಎಂದು ಸೊಸೆಯ ಹೊಟ್ಟೆಯ ಕಡೆ ನೋಡಿದಳು. ಮುಟ್ಟಲು ಧೈರ್ಯವಾಗಲಿಲ್ಲ.

ಭಾಗ್ಯಾಳ ಕೈ ನಿಂತಿತು. "ವರ್ಷ ಆತ್ರಿ ಅತ್ತಿ, ನೀವು ಅದರ ಸುದ್ದೀನೇ ಎತ್ತಲಿಲ್ಲ. ನಾ ಏನೋ ತಪ್ಪು ಮಾಡೀನಿ, ಮನಸಿನ್ಯಾಗ ಇಟ್ಕೊಂಡಾರ, ಬಾಯಿಲೇ ಅನವಲ್ಲರು ಅಂತ ದಿನಾ ನಿಮ್ಮ ಮಾರಿ ನೋಡ್ಕೋತ ಬಂದೀನಿ."

"ನಿಂದೇನ್ ತಪ್ಪು, ನನ್ನ ಮಗಳ?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ? ಹೇಳಾಕ ನನಗ ಅವ್ವ ಅದಾಳೇನು?" ಎಂದಳು ಭಾಗ್ಯಾ. ಅವಳ ಮಾತಿನಲ್ಲಿ ಸಿಟ್ಟಿತ್ತು. "ಈ ಕೂಸಿನ ಸಲುವಾಗಿ ನೀವು ಅಲ್ಲೇ ನಿಂತು ಸತ್ತಿದ್ರ, ಹಡದ ಮ್ಯಾಲ ನಾ ಇದರ ಮಾರಿ ಹ್ಯಾಂಗ ನೋಡ್ತಿದ್ದೆ?"

ಇಡೀ ದಿನ ನೀರಿನಲ್ಲಿ ನಿಂತಾಗ ಈ ಒಂದು ಮಾತನ್ನು ಸುಮಿತ್ರಾಬಾಯಿ ಯೋಚಿಸಿರಲೇ ಇಲ್ಲ.