ಅಕ್ಕ ನಾಡಿ ಹಿಡಿಯದ ದಿನ

ಗಿರಾಕಿಯ ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಅಷ್ಟರಲ್ಲಿ ಸಲೂನಿನವನ ಎದೆ ಡವಡವ ಅನ್ನತೊಡಗಿತು. ಕತ್ತಿ ಕೆಳಗಿಟ್ಟವನೇ ರಸ್ತೆ ದಾಟಿ ಎದುರಿನ ದವಾಖಾನೆಗೆ ಓಡಿದ. ಅಲ್ಲಿ ಅವನ ಅಕ್ಕ ನರ್ಸು. ಒಂದು ವರ್ಷದಿಂದ ಇದೇ ಪಾಡು. ಇವನು ಕೈ ಚಾಚುವುದು, ಅವಳು ನಾಡಿ ಹಿಡಿದು "ಏನೂ ಆಗಿಲ್ಲ ಹೋಗೋ" ಅನ್ನುವುದು, ಇವನು ಹೋದ ಜೀವ ಬಂದಂತೆ ಮರಳುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಗುಂಡಿಗೆ ಗಟ್ಟಿಯಾಗಿದೆ, ಇದು ಆತಂಕದ ಕಾಯಿಲೆ ಅಂದಿದ್ದರು.

ಇವತ್ತು ಅಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನೋಡಲ್ಲ ಕಣೋ."

"ಅಕ್ಕಾ, ತಮಾಷೆ ಮಾಡೋ ಹೊತ್ತಾ ಇದು? ಸಾಯ್ತಿದ್ದೀನಿ!"

"ನಿನ್ನೆ ಮೂರು ಸಲ ಸತ್ತಿದ್ದೆ. ನಾನು ನಾಡಿ ಹಿಡಿದಷ್ಟೂ ನಿನ್ನ ಭಯ ಕೊಬ್ಬುತ್ತೆ ಅಂದಿದ್ದಾರೆ ಕೌನ್ಸೆಲರ್ ಮೇಡಂ."

"ಓಹೋ, ಬೆನ್ನ ಹಿಂದೆ ಮಾತಾಡ್ಕೊಂಡ್ರಾ?"

"ನಿನ್ನ ಮುಂದೇನೇ! ಹೋದ ವಾರ ನನ್ನನ್ನ ಕರ್ಕೊಂಡು ಹೋದವನು ನೀನೇ. ಇನ್ಮೇಲೆ ನಾಡಿ ನೋಡೋದು ಬೇಡ ಅಂದಾಗ ಕೋಲೆ ಬಸವನ ಥರ ತಲೆ ಆಡಿಸಿದವನೂ ನೀನೇ."

ಆಡಿಸಿದ್ದು ನಿಜ. ಹೂಂ ಅಂದರೆ ಬೇಗ ಮನೆಗೆ ಬಿಡುತ್ತಾರೆಂದು ಆಡಿಸಿದ್ದ. ಅಕ್ಕ ಅದನ್ನು ಮಾಡಿಯೇ ಬಿಡುತ್ತಾಳೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಅಮ್ಮ ಹೋದ ಮೇಲೆ ತುತ್ತಿಟ್ಟು ಸಾಕಿದವಳು. ಅವಳೇ ಕತ್ತು ಕೊಯ್ದಳು.

"ನೀನೂ ಒಬ್ಬಳು ಅಕ್ಕನಾ? ಥೂ!" ಅಂದವನೇ ಬಾಗಿಲು ದಬ್ಬಿ ಹೊರಬಿದ್ದು ಸಲೂನಿಗೆ ಮರಳಿದ.

"ನೊರೆ ಒಣಗಿ ಸುಣ್ಣ ಆಯ್ತಲ್ರೀ! ಅರ್ಧ ಗಡ್ಡ ಹೊತ್ಕೊಂಡು ಕಚೇರಿಗೆ ಹೋಗ್ಲಾ?" ಅಂದ ಗಿರಾಕಿ.

"ಸ್ವಲ್ಪ ತಡೀರಿ ಸ್ವಾಮಿ, ಕೈ ನಡುಗ್ತಿದೆ. ಈಗ ಕತ್ತಿ ಹಿಡಿದ್ರೆ ನಿಮಗೇ ಕಷ್ಟ."

ಗಿರಾಕಿ ಕತ್ತು ಮುಟ್ಟಿ ನೋಡಿಕೊಂಡ. ಇವನು ಸ್ಟೂಲಿನ ಮೇಲೆ ಕುಸಿದ. ಆತಂಕ ಏರುವಷ್ಟು ಏರಿ ತಾನಾಗಿಯೇ ಇಳಿಯುತ್ತದೆ, ಓಡದೆ ಕೂತು ನೋಡಿ ಅಂದಿದ್ದರು ಮೇಡಂ. ಅವರ ಮಾತಿಗೆ ಬೆಲೆ ಕೊಟ್ಟು ಇವನು ಕೂತದ್ದಲ್ಲ, ಓಡಿಹೋಗಲು ಇನ್ನೊಂದು ಬಾಗಿಲು ಇರಲಿಲ್ಲ. ಬೆವರಿದ. ನಾಲಿಗೆ ಒಣಗಿತು. ಈಗ ಸತ್ತೆ, ಈಗ ಸತ್ತೆ ಅನ್ನುತ್ತಲೇ ಇಪ್ಪತ್ತು ನಿಮಿಷ ಕಳೆಯಿತು. ಸಾಯಲಿಲ್ಲ. ಎದೆ ಮೆಲ್ಲಗೆ ಹಿಡಿತಕ್ಕೆ ಬಂತು.

ಹೊಸ ನೊರೆ ಹಚ್ಚಿ ಇನ್ನೊಂದು ಕೆನ್ನೆ ಮುಗಿಸಿದ. ಒಂದು ಗೀರೂ ಬೀಳಲಿಲ್ಲ.

ಗಿರಾಕಿ ಹೋದ ಮೇಲೆ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಇಳೀತೇನೋ?"

"ಇಳೀತು." ಬಾ ಕೂತ್ಕೋ ಅನ್ನಲಿಲ್ಲ. ಕುರ್ಚಿ ಒರೆಸುತ್ತಲೇ ಇದ್ದ. "ಸಾಯ್ತಿರೋ ತಮ್ಮನ್ನ ಬಾಗಿಲಿಂದ ಅಟ್ಟಿದೋಳು ನೀನು. ಅದನ್ನ ಮರೆಯಲ್ಲ."

"ಮರೀಬೇಡ. ನಾಳೆನೂ ನಾನು ನೋಡಲ್ಲ."

"ನಾಳೆ ನಿನ್ನ ಹೊಸ್ತಿಲು ತುಳಿದ್ರೆ ಕೇಳು," ಅಂದ.