ಬೆನ್ನಿಗೆ ಸರಿಸಿದ ತಾಳಿ

ಹುರಿದ ಕಡಲೆಕಾಯಿಯ ಹೊಗೆ ಮೂಗಿಗೆ ಬಡಿಯುತ್ತಿದೆ, ಕಡಲೆಕಾಯಿ ಮಾರುವ ಸುಲ್ತಾನ್ ಬೀ ಬಾಣಲೆ ಆಡಿಸುತ್ತಿದ್ದಾಳೆ, ಯಲಿಯೂರು ಸ್ಟೇಷನ್ನಿನ ಕಲ್ಲುಬೆಂಚು ಬೆಳಗಿನ ಬಿಸಿಲಿಗೆ ಆಗಲೇ ಕಾದಿದೆ, ಪಕ್ಕದಲ್ಲಿ ನನ್ನ ಹೊಂಬಾಳಿ ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತ ಕೂತಿದ್ದಾಳೆ, ಕೊರಳಲ್ಲಿ ತಾಳಿ ಹಾಗೇ ಇದೆ, ಮಾದಪ್ಪ, ಮೈಸೂರಿನ ರೈಲು ಬರುವುದರೊಳಗೆ ಇವಳಿಗೆ ಬುದ್ಧಿ ಕೊಡಪ್ಪ — ಕಟ್ಟಿದವನು ನಾನು, ಬಿಚ್ಚು ಅನ್ನುತ್ತಿರುವವನೂ ನಾನು, ಗುಂಡುಕಲ್ಲಿನ ಹಾಗೆ ಮುಂದೆ ಕೂತಿದ್ದೇನೆ, ಆದರೂ ಇವಳದು ಒಂದೇ ಮಾತು, ನೀವು ಬದ್ಕಿರೋದ್ಕೇ ಕಣ್ರೀ ನಾನು ಬಿಚ್ಚಾಕಿಲ್ಲ ಅಂತಿರೋದು, ಸುಮ್ಕಿರಿ.

ಹೋದ ಸಲ ಮೈಸೂರಿನ ಆಸ್ಪತ್ರೆಯಲ್ಲೂ ಹೀಗೇ — ಎದೆ ಕುಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಹಲಗೆಗೆ ಎದೆ ಒತ್ತಿ ಉಸಿರು ಹಿಡಿದು ನಿಂತರೆ ಸಾಕು ತಾಯಿ, ಗುಂಡಿಗೆಯ ನೆರಳು ಫಿಲಮ್ಮಿನ ಮೇಲೆ ಬೀಳುತ್ತದೆ, ಅದು ಎಷ್ಟು ಹಿಗ್ಗಿದೆ ಅಂತ ಅಳೆದು ಔಷಧಿ ಕೊಡುತ್ತೇನೆ, ಮೈಮೇಲೆ ಲೋಹ ಮಾತ್ರ ಇರಬಾರದು ಅಂತ ಡಾಕ್ಟರು ಮಗುವಿಗೆ ಹೇಳುವ ಹಾಗೆ ಹೇಳಿದ್ದರು, ಹೂಂ ಅಂದು ಒಳಗೆ ಹೋದವಳು ಓಲೆ ಬಿಚ್ಚಿದಳಂತೆ, ಮೂಗುಬೊಟ್ಟು ಬಿಚ್ಚಿದಳಂತೆ, ತಾಳಿಯನ್ನು ಮಾತ್ರ ಬೆನ್ನ ಹಿಂದಕ್ಕೆ ಸರಿಸಿ ಸೆರಗು ಹೊದ್ದುಕೊಂಡಳಂತೆ, ಹಲಗೆ ಇರೋದು ಮುಂದೆ, ಬೆನ್ನಾಗಿರೋದು ಅದಕ್ಕೆಂಗೆ ಕಂಡಾತು ಅಂತ. ಕಂಡಿತು. ಮೈಯನ್ನೇ ತೂರಿ ನೋಡುವ ಯಂತ್ರಕ್ಕೆ ಹಿಂದೇನು ಮುಂದೇನು, ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದರೆ ಪಕ್ಕೆಲುಬುಗಳು ಬಿದಿರ ತಡಿಕೆಯ ಹಾಗೆ, ಅದರ ನಡುವೆ ಗುಂಡಿಗೆಯ ಮಬ್ಬು, ಸರಿಯಾಗಿ ಅದರ ಅಂಚಿನ ಮೇಲೆ ಎರಡು ತಾಳಿಬೊಟ್ಟು, ಚಿನ್ನದ ಗುಂಡುಗಳ ಸಾಲು, ಮುಳ್ಳು ಕೀಳಲು ಅವಳು ಸಿಕ್ಕಿಸಿಕೊಂಡಿದ್ದ ಪಿನ್ನು, ಎಲ್ಲ ಹಾಲಿನಷ್ಟು ಬೆಳ್ಳಗೆ — ಅಂಚೇ ಕಾಣದೆ ನಾನು ಏನನ್ನು ಅಳೆಯಲಿ ಯಜಮಾನರೇ, ಯುದ್ಧ ಬೇರೆ, ಫಿಲಮ್ಮು ಬರುತ್ತಿಲ್ಲ, ನಿಮಗೆ ಅಂತ ಇನ್ನೊಂದೇ ಒಂದು ಎತ್ತಿಟ್ಟಿರುತ್ತೇನೆ, ಅದೂ ಹಾಳಾದರೆ ಮತ್ತೆ ಬರುವವರೆಗೆ ಕಾಯಬೇಕು, ಇವರ ಗುಂಡಿಗೆ ಕಾಯುತ್ತದೋ ಇಲ್ಲವೋ ಹೇಳಲಾರೆ. ಅಲ್ಲಿಯವರೆಗೆ ಉಪ್ಪು ಕಮ್ಮಿ ಮಾಡಿ, ಬಿಂದಿಗೆ ಹೊರಬೇಡಿ, ಇನ್ನಷ್ಟು ಹಿಗ್ಗದ ಹಾಗೆ ಕಾಪಾಡಿಕೊಳ್ಳುವುದು ನಿಮ್ಮ ಕೈಲೂ ಇದೆ ಅಂದರು. ಇವಳ ಕೈಲೋ, ನಾನು ಹೊಲದಿಂದ ಬರುವುದರೊಳಗೆ ಹಂಡೆ ತುಂಬಿರುತ್ತದೆ, ಯಾರೇ ಸೇದಿದ್ದು ಅಂದರೆ ಅದೇ ತುಂಬ್ಕತು ಅನ್ನುತ್ತಾಳೆ, ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲಿಟ್ಟರೆ ಏದುಸಿರು ಬಿಡುತ್ತ ಅಟ್ಟವನ್ನೇ ಹತ್ತುತ್ತಾಳೆ.

ಜೇಬಿನಲ್ಲಿ ಅರಿಶಿನದ ಕೊಂಬು ಒತ್ತುತ್ತಿದೆ, ದಾರ ಸುತ್ತಿ ಮಾದಪ್ಪನ ಪಟದ ಮುಂದಿಟ್ಟು ತಂದದ್ದು, ಚಿನ್ನ ಇಲ್ಲದವರಿಗೆ ಇದೇ ತಾಳಿ ಅಲ್ವೇನೇ, ಇದು ಯಂತ್ರಕ್ಕೆ ಅಡ್ಡ ಬರಾಕಿಲ್ಲ ಅಂದರೆ, ಇರೋದ್ನ ಬಿಚ್ಚಿ ಇಲ್ದೋರಂಗೆ ಕಟ್ಕಳದಾ ಅನ್ನುತ್ತಾಳೆ, ತಪ್ಪು ನನ್ನದೇ ಇರಬೇಕು, ಜಗುಲಿಯ ಮೇಲೆ ಕೂತು ಗಂಡನ ಪ್ರಾಣ ಉಳಿಸಿದ ಹೆಂಡತಿಯರ ಕಥೆ ಎಷ್ಟು ಹೇಳಿಲ್ಲ ನಾನು, ಇವಳು ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡು ಕೇಳುತ್ತಿದ್ದಳು, ಹೆಂಡತಿಯ ಪ್ರಾಣ ಉಳಿಸಿದ ಗಂಡನ ಕಥೆ ಒಂದಾದರೂ ಬಾಯಿಗೆ ಬರಬಾರದೇ — ಏನ್ ಸಿದ್ದಯ್ನೋರೆ, ಬೆಳಬೆಳಗ್ಗೇನೆ ಜಗಳ ಅನ್ನುತ್ತಾಳೆ ಸುಲ್ತಾನ್ ಬೀ, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ, ಅಯ್ಯೋ ಅಕ್ಕ, ನಂಗೂ ಕೆಮ್ಮು ಬಂದಾಗ ತೆಗುದ್ರು ಆ ಫೋಟೋ, ಲಚ್ಚಾ ಬಿಚ್ಚಿಟ್ಟೆ ಕಣಕ್ಕ, ನಮ್ದೂ ಗಂಡ ಕಟ್ಟಿದ್ ಕರಿಮಣೀನೇ, ಏನಾಯ್ತು, ನಮ್ ಬುಡ್ಡಾ ಬೀಡಿ ಸೇದ್ಕಂಡು ಗಟ್ಯಾಗವ್ನೆ, ಅವತ್ತಿಂದ ಬಯ್ಯೋದು ಇನ್ನೂ ಜೋರಾಗೈತೆ. ಹೊಂಬಾಳಿ ನಕ್ಕಳು, ಎಷ್ಟು ದಿನವಾಗಿತ್ತು, ನಗು ಅರ್ಧಕ್ಕೇ ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು, ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು, ನನ್ನ ಮೊಣಕೈ ಹಿಡಿದವಳು ನನ್ನ ಮುಖ ನೋಡಿದಳು, ಅದರಲ್ಲಿ ಏನು ಕಂಡಿತೋ, ಮೊದ್ಲು ಕೊಂಬು ಕಟ್ಟಿ, ಆಮ್ಯಾಕೆ ಇದ್ನ ಬಿಚ್ಚೀರಂತೆ, ಕತ್ತು ಮಾತ್ರ ಒಂದ್ ಗಳ್ಗೆನೂ ಬರಿದಾಗ್ಬಾರ್ದು ಅಂದಳು. ಇಷ್ಟೇ ತಾನೇ, ಇಷ್ಟಕ್ಕೆ ಒಂದು ಫಿಲಮ್ಮು ಹಾಳಾಗಬೇಕಿತ್ತೇ, ಆ ಬಿಳಿ ಬೊಟ್ಟುಗಳು ಕಣ್ಣು ಮುಚ್ಚಿದರೂ ಕಾಣಬೇಕಿತ್ತೇ, ಸುಲ್ತಾನ್ ಬೀ ಬಾಣಲೆ ಬಿಟ್ಟು ಬಂದು ಸೆರಗು ಮರೆ ಮಾಡಿ ನಿಂತಿದ್ದಾಳೆ, ಈ ವಯಸ್ನಾಗೆ ಮದ್ವೆ, ನಂಗೆ ಊಟ ಇಲ್ವಾ ಅಂತ ನಗುತ್ತಾಳೆ, ಒಂದು ಗಂಟು, ಮಾದಪ್ಪ, ಎರಡು ಗಂಟು, ದೂರದಲ್ಲಿ ರೈಲು ಕೂಗಿತು, ಬಿರ್ರನೆ ಹಾಕಿ ಅನ್ನುತ್ತಾಳೆ ಹೊಂಬಾಳಿ, ಮೂರನೆಯದಕ್ಕೆ ದಾರ ಎಳೆಯುವಾಗ ಬೆರಳು ಅವಳ ಕತ್ತಿನ ಪಕ್ಕಕ್ಕೆ ತಾಗಿತು, ಅಲ್ಲೊಂದು ನರ, ಬಲೆಗೆ ಬಿದ್ದ ಮೀನಿನ ಹಾಗೆ ಮಿಡುಕುತ್ತಿದೆ, ಎರಡು ಸಲ ಬೇಗ ಬೇಗ, ಆಮೇಲೆ ಇಲ್ಲ, ಏನೂ ಇಲ್ಲ, ಆಮೇಲೆ ಮತ್ತೆ, ನನ್ನ ಬೆರಳಿನ ಕೆಳಗೇ, ಗಂಟು ಹಾಕಬೇಕು, ರೈಲು ಬಂದೇ ಬಿಟ್ಟಿತು, ಗಂಟು — ನರ ಮಿಡಿಯಿತು, ಮಿಡಿಯಿತು, ನಿಂತಿತು, ಮಿಡಿಯೇ, ಮಿಡಿ